ಸಣ್ಣ ಮಕ್ಕಳ ಕಟ್ಟಿಗೊಂಡು ದೊಡ್ಡ ಹಡಗಿಲಿ

ಸಣ್ಣ ಮಕ್ಕಳ ಕರಕ್ಕೊಂಡು ಹಡಗಿಲಿ ತಿರುಗುಲೆ ಹೋವ್ತೆಯೊ° ಹೇಳಿರೆ ನಮ್ಮವು ಹೇಳುವ ಮಾತು ಒಂದೇ: “ಎರಡು ವರ್ಷದ ಬಾಬೆಗೆ ಎಂತ ಗೊಂತಾವ್ತು? ದೊಡ್ಡ ಆಗಲಿ, ನೆಂಪೊಳಿವ ಪ್ರಾಯ ಆದ ಮತ್ತೆ ಹೋದರೆ ಸಾಲದೋ?” ಬಾಬೆಗೆ ನೆಂಪು ಒಳಿಯ, ಅದು ಅಪ್ಪು. ಎಂಗಳ ಮಾಣಿಗೆ ಐದು ವರ್ಷ, ಅವಂಗೇ ಈಗ ನೆಂಪಿಪ್ಪದು ಲಿಫ್ಟಿನ ಸುಚ್ಚುಗೊ, ಮತ್ತೆ ದಿನಾಗಿಳೂ ಹಾಸಿಗೆ ಮೇಲೆ ತೋರ್ತು ಮಡುಸಿ ಮಾಡಿ ಮಡುಗಿದ ಆನೆ, ಮಂಗ. ಆದರೆ ನೆಂಪೊಳಿವಲೆ ಬೇಕಾಗಿ ಮಾಂತ್ರ ಎಲ್ಲ ಮಾಡುದಾದರೆ ಒಂದು ವರ್ಷದ ಬಾಬೆಯ ಹುಟ್ಟುಹಬ್ಬಕ್ಕೆ ಪಾಯಸ ಮಾಡೆಕ್ಕೂಳಿ ಇಲ್ಲೆ. ತಿರುಗಾಟ ಹೇಳುದು ಬಾಬೆಗೆ ಮಾಂತ್ರ ಅಲ್ಲ, ಮನೆಯವು ಎಲ್ಲೋರಿಂಗೂ. ಆ ‘ಎಲ್ಲೋರು’ ಹೇಳಿರೆ ಆರೆಲ್ಲ ಹೇಳುದೇ ಇಂದ್ರಾಣ ಶುದ್ದಿ.

ಊರಿಲಿಪ್ಪವಕ್ಕೆ ರಜ್ಜ ವಿವರ ಹೇಳ್ತೆ. ಕ್ರೂಸ್ ಹೇಳಿರೆ ಮಂಗಳೂರಿಂದ ಬೆಂಗ್ರೆಗೆ ದಾಂಟುವ ದೋಣಿ ಅಲ್ಲ, ಲಕ್ಷದ್ವೀಪಕ್ಕೆ ಸಾಮಾನು ಹೊರುವ ಮಂಜಿಯೂ ಅಲ್ಲ. ಒಂದು ಪೇಟೆಯೇ ತೇಲಿದ ಹಾಂಗೆ. 2024ರಲ್ಲಿ ಮಿಯಾಮಿಂದ ಸುರುವಾಣ ಪ್ರಯಾಣ ಹೆರಟ ‘ಐಕನ್ ಆಫ್ ದ ಸೀಸ್’ ಹೇಳ್ತ ಹಡಗು 365 ಮೀಟರು ಉದ್ದ, ಐದು ಸಾವಿರಂದ ಮೇಲೆ ಪ್ರಯಾಣಿಕರು ಅದರ್ಲಿ ಹಿಡಿತ್ತವು. ಎಂಗೊ ಹೋದ್ದು ಅಷ್ಟು ದೊಡ್ಡದರ್ಲಿ ಅಲ್ಲ. ಎಂಗೊ ಇಪ್ಪದು ಟೆಕ್ಸಾಸಿನ ಹ್ಯೂಸ್ಟನ್ನಿಲಿ; ಅಲ್ಲಿಂದ ಕಾರಿಲಿ ಒಂದು ಗಂಟೆ ಹೋದರೆ ಗ್ಯಾಲ್ವೆಸ್ಟನ್ ಬಂದರು. ಅಲ್ಲಿ ಹತ್ತಿ, ಮೆಕ್ಸಿಕೋದ ಕೊಸುಮೆಲ್ ಹೇಳ್ತ ದ್ವೀಪ ಮುಟ್ಟಿ ವಾಪಾಸು, ಒಟ್ಟು ಐದು ಇರುಳು. ಹೋದವು ಆರು ಜೆನ: ಆನು, ಎಜಮಾನ್ರು, ಐದು ವರ್ಷದ ಮಾಣಿ, ಎರಡು ವರ್ಷದ ಕೂಸು, ಊರಿಂದ ಬಂದ ಅತ್ತೆ, ಮಾವ°. ಅಮೇರಿಕದ ವೀಸ ಚಾಲ್ತಿಲಿದ್ದರೆ ಮೆಕ್ಸಿಕೋಕ್ಕೆ ಬೇರೆ ವೀಸ ಬೇಡ. ಆದರೆ ವಾಪಾಸು ಅಮೇರಿಕಕ್ಕೆ ಹೊಗ್ಗುವಗ ಕಾಗತಪತ್ರ ಎಲ್ಲ ಸರಿ ಇರೆಕ್ಕು. ಊರಿಂದ ಬಂದವರ ಪಾಸ್‌ಪೋರ್ಟು ಬಿಡುಸಿ ತಾರೀಕು ನೋಡಿಕ್ಕಿಯೇ ಪೈಸೆ ಕಟ್ಟೆಕ್ಕು.

ಹೋದ್ದು ಮೇ ತಿಂಗಳ ಸುರುವಿಂಗೆ. ಮಕ್ಕೊ ಸಣ್ಣ ಇಪ್ಪಗ ಹೋಪಲೆ ಇಪ್ಪ ದೊಡ್ಡ ಕಾರಣವೇ ಇದು. ಮಾಣಿ ಶಾಲೆಗೆ ಸೇರಿದ ಮತ್ತೆ ಶಾಲೆಯ ರಜೆ ನೋಡಿಯೇ ಹೆರಡೆಕ್ಕು, ಎಲ್ಲೋರೂ ಹೆರಡುವ ಸಮಯಕ್ಕೆ ಕ್ರಯವೂ ಏರಿಗೊಂಡಿರ್ತು. ಅದಲ್ಲದ್ದೆ ಜೂನ್ ಒಂದರಿಂದ ನವೆಂಬರ್ ಅಕೇರಿವರೆಗೆ ಆ ಕಡೆಲಿ ಚಂಡಮಾರುತದ ಕಾಲ, ಹಡಗು ಹೋಪ ಊರೇ ಬದಲುಗು. ನೆಂಪೊಳಿವ ಪ್ರಾಯ ಕಾದು ಕೂಪವು ಈ ಲೆಕ್ಕವನ್ನೂ ಹಾಕೆಕ್ಕು.

ಮಕ್ಕಳ ವಿಷಯಲ್ಲಿ ಹಡಗಿನವಕ್ಕೆ ಅವರದ್ದೇ ಕಟ್ಟುಕಟ್ಟಳೆ ಇದ್ದು. ಹೆಚ್ಚಿನ ಕಂಪೆನಿಗೊ ಆರು ತಿಂಗಳಿಂದ ಸಣ್ಣ ಬಾಬೆಯ ಹತ್ತುಸುತ್ತವಿಲ್ಲೆ. ಮಹಾಸಾಗರ ದಾಂಟುವ ಉದ್ದ ಪ್ರಯಾಣಕ್ಕೆ ಒಂದು ವರ್ಷ ತುಂಬಿರೆಕ್ಕು. ಮಕ್ಕಳ ಆಟದ ಕ್ಲಬ್ಬಿಂಗೆ ಸಾಮಾನ್ಯಕ್ಕೆ ಮೂರು ವರ್ಷ ಆಯೆಕ್ಕು, ಡೈಪರು ಬಿಟ್ಟಿರೆಕ್ಕು. ಈಜುಕೊಳದ್ದು ಇನ್ನೂ ಖಡಕ್ಕು: ಡೈಪರಿನ ಮಕ್ಕೊ ನೀರಿಂಗೆ ಇಳಿವಲಾಗ. ನೀರಿಂಗೇಳಿಯೇ ಮಾರುವ ಡೈಪರಾದರೂ ಆಗ. ಇದು ಹಡಗಿನವರ ಹಠ ಅಲ್ಲ, ಅಮೇರಿಕದ ಆರೋಗ್ಯದವರ ನಿಯಮ. ಒಂದು ಬಾಬೆ ನೀರಿಲಿ ಗಲೀಜು ಮಾಡಿರೆ ಕೊಳ ಬಂದು ಮಾಡಿ ಇಡೀ ಶುದ್ಧ ಮಾಡೆಕ್ಕಾವ್ತು. ಕೆಲವು ಹಡಗಿಲಿ ಡೈಪರಿನ ಮಕ್ಕೊಗೇಳಿ ನೀರು ಚಿಮ್ಮುವ ಜಾಗೆ ಬೇರೆ ಇರ್ತು. ಇದ್ದೋ ಇಲ್ಲೆಯೋ ಹೇಳಿ ಟಿಕೇಟು ತೆಗವ ಮದಲೇ ಕೇಳೆಕ್ಕು. ಸೆಖೆಲಿ ಬಣ್ಣದ ಜಾರುಬಂಡಿ ನೋಡಿ “ನೀಯಿ, ನೀಯಿ” ಹೇಳಿ ಕೈ ಚಾಚುವ ಕೂಸಿಂಗೆ ನಿಯಮ ಓದಿ ಹೇಳ್ಲೆ ಎಡಿತ್ತೋ?

ಎಂಗೊ ಗಾಳಿ ತುಂಬುಸುವ ಸಣ್ಣ ಟಬ್ಬು, ಒಂದು ಸ್ಟೀಲಿನ ಚೆಂಬು ತೆಕ್ಕೊಂಡು ಹೋದೆಯೊ°. ಹಡಗಿನ ಬಾತ್‌ರೂಮು ಹೇಳಿರೆ ನಮ್ಮ ಬೆಶಿನೀರಕೊಟ್ಟಗೆಯ ಒಲೆಬುಡದಷ್ಟೂ ಇಲ್ಲೆ; ದೊಡ್ಡವು ಮೊಣಕೈ ತಾಗುಸಿಗೊಂಡು ಶವರಿಲಿ ಮೀಯೆಕ್ಕು. ಶವರು ಕಂಡರೆ ಕೂಸು ಕೂಗುತ್ತು, ಚೆಂಬಿಲಿ ಎರದರೆ ನೆಗೆ ಮಾಡ್ತು. ಆ ಚೆಂಬಿನಷ್ಟು ಉಪಕಾರಕ್ಕೆ ಬಿದ್ದ ಸಾಮಾನು ಬೇರೆ ಇಲ್ಲೆ.

ಕೋಣೆಯ ವಿಷಯಲ್ಲಿ ಎನ್ನ ಅಭಿಪ್ರಾಯ ಕೆಲವು ಜೆನಕ್ಕೆ ಹಿಡಿಸ. ಬಾಲ್ಕನಿ ಬೇಡ. ಹತ್ತುವ ಪ್ರಾಯದ ಮಾಣಿ ಮನೆಲಿ ಇದ್ದರೆ ಆ ಬಾಲ್ಕನಿಯ ಬಾಗಿಲಿಂಗೆ ಕಾವಲು ಕೂಪದೇ ಕೆಲಸ ಅಕ್ಕು. ಕಿಟಿಕಿಯೇ ಇಲ್ಲದ್ದ ಒಳಾಣ ಕೋಣೆ ಕ್ರಯಲ್ಲಿಯೂ ಕಮ್ಮಿ, ಸುಚ್ಚು ನಂದುಸಿರೆ ಹಗಲೂ ಕರಿ ಕಸ್ತಲೆ. ಮಕ್ಕೊ ಉದಿಯಪ್ಪಗ ಎಂಟು ಗಂಟೆವರೆಗೆ ಒರಗಿದವು! ಮನೆಲಿ ಐದೂವರೆಗೆ ಎದ್ದು ಎಂಗಳ ಎಳಗುವ ಮಕ್ಕೊ. ಇನ್ನು ವೈಫೈ. ಅದಕ್ಕೆ ಬೇರೆ ಪೈಸೆ, ಎಂಗೊ ಕೊಟ್ಟಿದಿಲ್ಲೆ, ಬೇಕೂಳಿಯೇ ಕೊಟ್ಟಿದಿಲ್ಲೆ. ಎಜಮಾನ್ರ ಆಫೀಸಿನವು ಸಮುದ್ರದ ನೆಡುಕೆ ಹುಡುಕ್ಕಿಗೊಂಡು ಬಪ್ಪಲೆ ಎಡಿಯನ್ನೆ. ಟಿಕೇಟಿಲಿ ಊಟ, ಕೋಣೆ, ಆಟನಾಟಕ ಎಲ್ಲ ಬತ್ತು, ಆದರೆ ಟಿಪ್ಸು ಹೆಚ್ಚಾಗಿ ಬೇರೆ, ದಿನಕ್ಕೆ ತಲೆಗೆ ಇಷ್ಟೂಳಿ. ಎರಡು ವರ್ಷದ ತಲೆಯೂ ತಲೆಯೇ ಹೇಳಿ ಲೆಕ್ಕ ಹಿಡಿವ ಕಂಪೆನಿಗೊ ಇದ್ದವು.

ಈಗ ಅಟ್ಟುಂಬೊಳಕ್ಕೆ ಬಪ್ಪೊ°. ನಮ್ಮವು ಎಲ್ಲಿಗೆ ಹೆರಡುವಗಳೂ ಚೀಲದ ಅಡಿಲಿ ಒಂದು ಸಣ್ಣ ಕರೆಂಟಿನ ಕುಕ್ಕರು, ರಜ್ಜ ಅಕ್ಕಿ, ಉಪ್ಪಿನಕಾಯಿ ಇದ್ದೇ ಇಕ್ಕು. ಹೋಟೆಲಿನ ಕೋಣೆಲಿ ಅನ್ನ ಮಡುಗಿ, ಮಜ್ಜಿಗೆ ಹಾಕಿ ಉಂಡರೇ ಸಮಾಧಾನ. ಹಡಗಿಲಿ ಇದು ನಡೆಯ. ಕುಕ್ಕರು, ನೀರು ಕೊದಿಶುವ ಕೆಟ್ಲು, ಇಸ್ತ್ರಿಪೆಟ್ಟಿಗೆ ಯಾವದಕ್ಕೂ ಒಪ್ಪಿಗೆ ಇಲ್ಲೆ, ಬೆಂಕಿಯ ಹೆದರಿಕೆ. ಚೀಲ ತಪಾಸಣೆ ಮಾಡುವಲ್ಲಿಯೇ ಹಿಡುದು ಮಡುಗುತ್ತವು. ಮನೆಲಿ ಮಾಡಿದ ಅಡಿಗೆಯನ್ನೂ ತಪ್ಪಲಾಗ ಹೇಳ್ತವು; ಬಾಬೆಯ ಊಟಕ್ಕೆ ಮಾಂತ್ರ ರಿಯಾಯಿತಿ. ತುಂಬ ಜೆನ ಈ ನಿಯಮವ ಬೈತ್ತವು. ಎನಗೆ ಕೇಳಿರೆ ಇಡೀ ಹಡಗಿಲಿ ಇದರಷ್ಟು ಒಳ್ಳೆ ನಿಯಮ ಬೇರೆ ಇಲ್ಲೆ. ಕುಕ್ಕರು ಬಂದರೆ ಅದರ ಹಿಂದಂದ ಅದರ ತೊಳವವೂ ಬರೆಕ್ಕನ್ನೆ. ಆ ‘ತೊಳವವು’ ಆರು ಹೇಳಿ ನಿಂಗೊಗೆ ಗೊಂತಿದ್ದು.

ಅತ್ತೆ ಸುರುವಾಣ ಎರಡು ದಿನ ಉಂಡಿಕ್ಕಿ ಎಲ್ಲೋರ ಬಟ್ಳುಗಳ ಒಂದರ ಮೇಲೆ ಒಂದು ಮಡುಗಿ, ಕಾಗತದ ತುಂಡಿಲಿ ಮೇಜು ಉದ್ದಿಗೊಂಡಿತ್ತಿದ್ದವು. ಬಡುಸುವವ° ಬಂದು ಬೇಡ ಹೇಳಿರೂ ಕೇಳಿದ್ದವಿಲ್ಲೆ. ಮೂರನೇ ದಿನ ಉದಿಯಪ್ಪಗ ಚಾಯ ಕುಡ್ಕೊಂಡು ಕೂದಿಪ್ಪಗ ಎನ್ನತ್ರೆ ಮೆಲ್ಲಂಗೆ ಕೇಳಿದವು: “ಇಂದು ಮಜ್ಜಾನಕ್ಕೆ ಎಂತ ಅಡಿಗೆ?” ನಲುವತ್ತು ವರ್ಷ ಆ ಮಾತಿಂಗೆ ಉತ್ತರ ಹೇಳಿದವು ಅತ್ತೆ. ಅವು ಇನ್ನೊಬ್ಬರತ್ರೆ ಅದರ ಕೇಳಿದ್ದು ಆನು ಕಂಡದು ಅದೇ ಸುರು.

ಆ ಬಡುಸುವವನ ಶುದ್ದಿಯೂ ಹೇಳೆಕ್ಕು. ಎಂಗೊ ಎಂಗೊಳಷ್ಟಕ್ಕೆ ಮಾತಾಡುದು ಕೇಳಿ, ಅತ್ತೆಯ ಹತ್ತರೆ ಬಂದು ತುಳುವಿಲಿ ಮಾತಾಡ್ಸಿದ°. ಊರು ಬೆಳ್ತಂಗಡಿಯ ಕಡೆ. ನಮ್ಮ ಕರಾವಳಿಂದ, ಗೋವೆಂದ ಹೋದ ಮಕ್ಕೊ ಈ ಹಡಗುಗಳಲ್ಲಿ ಸುಮಾರು ಜೆನ ಇದ್ದವು, ಬಡುಸುವಲ್ಲಿಯೂ ಅಡಿಗೆಲಿಯೂ. ಮರದಿನಂದ ಅತ್ತೆಗೆ ಅನ್ನ, ತೊವ್ವೆ, ಮಸರು ಕೇಳದ್ದೆ ಬಂತು. ಅವನ ಮಗಳಿಂಗೂ ಎರಡು ವರ್ಷ ಅಡ. ಏಳು ತಿಂಗಳಾತಡ ಅದರ ಮೋರೆ ನೋಡದ್ದೆ, ಫೋನಿಲಿ ಕಂಡದು ಮಾಂತ್ರ. ಎಂಗಳ ಕೂಸಿಂಗೆ ಬಾಳೆಹಣ್ಣು ಸಣ್ಣಕೆ ಕೊರದು ತಂದು ಕೊಡುಗು, ಒಂದು ನಿಮಿಷ ನಿಂದು ನೋಡುಗು, ಮತ್ತೆ ಇನ್ನೊಂದು ಮೇಜಿಂಗೆ ಹೋಕು. ಮಕ್ಕಳೊಟ್ಟಿಂಗೆ ಐದು ದಿನ ಕೊಶಿಲಿ ಕಳಿವಲೆ ಹೇಳಿ ಎಂಗೊ ಕೊಟ್ಟ ಪೈಸೆಲಿ ಅವನ ಹಾಂಗಿಪ್ಪವು ಮಕ್ಕಳಿಂದ ದೂರ ಇಪ್ಪ ಸಂಬಳವೂ ಸೇರಿದ್ದು. ಟಿಪ್ಸಿನ ಲೆಕ್ಕಲ್ಲಿ ಚೌಕಾಸಿ ಮಾಡುವವಕ್ಕೆ ಇದು ಗೊಂತಿರಳಿ.

ಎನ್ನ ಮುಖ್ಯ ತಕರಾರು ಇಪ್ಪದು ಬೇರೆ ಒಂದು ವಿಷಯಕ್ಕೆ. ಅಜ್ಜ-ಅಜ್ಜಿಯ ಹಡಗಿಂಗೆ ಕರಕ್ಕೊಂಡು ಹೋವ್ತವು, ಒಳ್ಳೆದು. ಎಂತಕೆ ಕರಕ್ಕೊಂಡು ಹೋಪದು? ಇರುಳು ಒಂಬತ್ತು ಗಂಟೆಗೆ ಹಡಗಿನ ಉದ್ದ ಓಣಿಲಿ ಒಂದರಿ ನೆಡದು ನೋಡಿ. ಎಳೆಬಾಬೆಗಳ ಗಾಡಿ ದೂಡಿಗೊಂಡು ಅತ್ತಿತ್ತ ಹೋಪದು ಪೂರ ಅಜ್ಜಿಯಕ್ಕೊ. ಸೀರೆಯ ಅಜ್ಜಿ, ಸಲ್ವಾರಿನ ಅಜ್ಜಿ, ಚೀನಾದ ಅಜ್ಜಿ, ಮೆಕ್ಸಿಕೋದ ಅಜ್ಜಿ. ಭಾಷೆ ಬೇರೆ, ಬೆನ್ನು ಬಗ್ಗಿದ್ದು ಒಂದೇ ನಮುನೆ. ಮಗ, ಸೊಸೆ, ಮಗಳು, ಅಳಿಯ ಎಲ್ಲ ಮೇಗೆ ನಾಟಕ ನೋಡ್ತಾ ಇದ್ದವು. “ಅಬ್ಬೆಗೆ ಈ ಇಂಗ್ಲೀಷು ನಾಟಕ ಎಲ್ಲ ಅರ್ಥ ಆವ್ತಿಲ್ಲೆ, ಪುಳ್ಯಕ್ಕಳೊಟ್ಟಿಂಗೆ ಇಪ್ಪದೇ ಕೊಶಿ” ಹೇಳ್ತವು. ಅಬ್ಬೆಯತ್ರೆ ಕೇಳಿದ್ದವೋ? ಕೇಳಿರೂ ಅಬ್ಬೆ ಎಂತ ಹೇಳುಗು ಹೇಳುದು ನವಗೆಲ್ಲ ಗೊಂತಿಪ್ಪದೇ. “ನಿಂಗೊ ಹೋಗಿ, ಎನಗೆ ಬೇಡ” ಹೇಳಿಯೇ ಅಲ್ಲದೋ ಅವು ಇಷ್ಟು ವರ್ಷ ಹೇಳಿದ್ದು?

ಎಂಗಳ ಮನೆಲಿ ಹತ್ತುವ ಮದಲೇ ಮಾತಾಡಿಗೊಂಡಿದೆಯೊ°: ಉದಿಯಪ್ಪಗಾಣ ಪಾಳಿ ಎನ್ನದು, ಹೊತ್ತೋಪಗಾಣದ್ದು ಎಜಮಾನ್ರದ್ದು, ಇರುಳು ಎಂಗೊ ಇಬ್ರಲ್ಲಿ ಒಬ್ಬ°. ಅತ್ತೆ-ಮಾವನ ಹೆಸರು ಪಟ್ಟಿಲೇ ಇಲ್ಲೆ. ಅವಕ್ಕೆ ಮನಸ್ಸಾದರೆ ಪುಳ್ಳಿಯ ಎತ್ತಿಗೊಳಲಿ, ಬಚ್ಚಿರೆ ಕೊಡಲಿ. ಎರಡನೇ ಇರುಳು ಅವಿಬ್ರನ್ನೇ ಮಂಜುಗಡ್ಡೆ ಮೇಲೆ ಜಾರುವ ಆಟಕ್ಕೆ ಕಳುಸಿದೆಯೊ°. ಹೆರಡ್ಲೆ ಅರ್ಧ ಗಂಟೆ ಒತ್ತಾಯ ಮಾಡೆಕ್ಕಾತು, ಅದು ಬೇರೆ ಮಾತು. ಮಾವ° ಅಡಕ್ಕೆತೋಟಕ್ಕೆ ನೀರು ಬಿಡುದು, ದನ ಕರವದು ಹೇಳಿ ಒಂದು ವಾರ ಮನೆ ಬಿಟ್ಟವು ಅಲ್ಲ. ಆಟ ನೋಡಿಕ್ಕಿ ಬಂದು ಹೇಳಿದವು: “ಹೆರ ನೀರು. ನೀರಿನ ಮೇಲೆ ಹಡಗು. ಹಡಗಿನ ಒಳ ಪುನಾ ನೀರು, ಅದರ ಐಸು ಮಾಡಿ ಅದರ ಮೇಲೆ ಕೊಣಿತ್ತವು. ಇವಕ್ಕೆ ಮರುಳೋ?” ಮೂರು ದಿನ ಅದನ್ನೇ ಹೇಳಿದವು. ಕೊಸುಮೆಲಿಲಿ ಇಳುದಪ್ಪಗ “ತೆಂಗಿನ ಮರ ನೋಡ್ಲೆ ಇಷ್ಟು ದೂರ ಬರೆಕ್ಕೋ?” ಹೇಳಿದ್ದೂ ಅವೇ. ಅದು ರಜ್ಜ ಸಮವೇ. ಸಣ್ಣ ಮಕ್ಕೊ ಇದ್ದರೆ ಊರು ಬಂತೂಳಿ ಎಲ್ಲೋರೊಟ್ಟಿಂಗೆ ಇಳಿವ ಅಂಬ್ರೆಪ್ಪು ಬೇಡ. ಎರಡು ಗಂಟೆ ನೆಡದಿಕ್ಕಿ ವಾಪಾಸು ಬಂದೆಯೊ°. ಹಡಗು ಅರ್ಧ ಖಾಲಿ, ಜಾರುಬಂಡಿಲಿ ಸಾಲೇ ಇಲ್ಲೆ, ಮಾಣಿ ಹನ್ನೊಂದು ಸರ್ತಿ ಜಾರಿದ°.

ಈ ಹಡಗುಗೊ ಉಗುಳುವ ಹೊಗೆ, ಸಣ್ಣ ಊರುಗೊಕ್ಕೆ ಒಂದೇ ದಿನ ಸಾವಿರಗಟ್ಳೆ ಜೆನರ ತಂದು ಸುರಿವದು, ಇದಕ್ಕೆಲ್ಲ ಎನ್ನತ್ರೆ ಒಳ್ಳೆ ಉತ್ತರ ಇಲ್ಲೆ. ವೆನಿಸಿನ ನೆಡುಪೇಟೆಯ ಕಾಲುವೆಗೆ ದೊಡ್ಡ ಹಡಗು ಬಪ್ಪಲಾಗ ಹೇಳಿ ಇಟಲಿಯವು 2021ರ ಆಗಸ್ಟಿಂದ ನಿಲ್ಸಿದ್ದು ಸರಿಯೇ. ವರ್ಷವರ್ಷವೂ ಹೋಪ ಸಂಗತಿ ಇದಲ್ಲ.

ಉಷಾರಿನ ವಿಷಯ ಒಂದು ಹೇಳಿಕ್ಕುತ್ತೆ. ಹಡಗಿಲಿ ಹೊಟ್ಟೆ ಕೆಡುಸುವ ನೋರೋವೈರಸ್ಸಿನ ಕಾಟ ಇದ್ದು. ಊಟದ ಬಾಗಿಲಿಲಿ ಕೈಗೆ ಹಾಕುವ ಜೆಲ್ಲು ಅದಕ್ಕೆ ಸಾಲ, ಸಾಬೂನು ಹಾಕಿ ನೀರಿಲಿಯೇ ತೊಳೆಯೆಕ್ಕು. ಹೆರಂದ ಬಂದ ಕೂಡ್ಳೆ ಕೈಕಾಲು ತೊಳದಿಕ್ಕಿ ಒಳ ಬಾ ಹೇಳುವ ಅಜ್ಜಿಯ ಮಾತು ಅಲ್ಲಿಯೂ ನೆಡೆತ್ತು. ಡಾಕ್ಟ್ರು ಹಡಗಿಲೇ ಇರ್ತವು, ಬಿಲ್ಲು ಬೇರೆ ಬತ್ತು. ಊರಿಂದ ಬಂದ ಹಿರಿಯರ ಕರಕ್ಕೊಂಡು ಹೋವ್ತರೆ ಪ್ರಯಾಣದ ಇನ್ಶೂರೆನ್ಸ್ ಮಾಡ್ಸದ್ದೆ ಹತ್ತೆಡಿ.

ಎನ್ನ ಚಿಕ್ಕಮ್ಮನ ಮಗಳು ಫ್ಲೋರಿಡಲ್ಲಿದ್ದು, ಅದಕ್ಕೂ ಎರಡು ಸಣ್ಣ ಮಕ್ಕೊ. ಈ ವರ್ಷ ಚಿಕ್ಕಮ್ಮ ಅಲ್ಲಿಗೆ ಬತ್ತವು. “ಅಬ್ಬೆಯೂ ಇರ್ತನ್ನೆ ಅಕ್ಕ, ಹಾಂಗಾಗಿ ಇದುವೇ ಹಡಗಿಂಗೆ ಹೋಪಲೆ ಸಮಯ. ಇರುಳು ಮಕ್ಕಳ ಬಗ್ಗೆ ತಲೆಬೆಶಿ ಇಲ್ಲೆ” ಹೇಳಿತ್ತು ಫೋನಿಲಿ. ಎರಡು ಕೋಣೆ ತೆಗವದಡ. ನೆಡುಕೆ ಬಾಗಿಲು ಇಪ್ಪದು ಸಿಕ್ಕುತ್ತು, ಅದರ್ನೇ ತೆಗವದೋ ಹೇಳಿ ಎನ್ನತ್ರೆ ಕೇಳಿತ್ತು. ಚಿಕ್ಕಮ್ಮಂಗೆ ಬೇರೆ ಮಾಳಿಗೆಲಿ, ಲಿಫ್ಟಿನ ಹತ್ತರೆ ತೆಗೆ ಹೇಳಿದೆ.