ಪ್ಲಗಿನ್‌ಗೆ ಬೀಗದ ಕೈ ಬೇಡ
ಮಾಲೀಕರ ಪರವಾಗಿ ತಾವೇ ಹಣ ಪಾವತಿಸುವ ಕೃತಕ ಬುದ್ಧಿಮತ್ತೆಯ ಏಜೆಂಟ್‌ಗಳಿಗೂ ಈಗ ಬ್ಲಾಕ್‌ಚೈನ್ ವಾಲೆಟ್‌ಗಳಿವೆ. ಅವುಗಳಿಗೆ ಹೊಸ ಸಾಮರ್ಥ್ಯ ಸೇರಿಸುವ ಪ್ಲಗಿನ್‌ಗಳನ್ನು ಹೊರಗಿನವರೂ ರಚಿಸಬಹುದು. ಈ ಮುಕ್ತತೆ ಸ್ವಾಗತಾರ್ಹವಾದರೂ ಅಪಾಯ ಅದರಲ್ಲೇ ಅಡಗಿದೆ. 2024ರ ಡಿಸೆಂಬರ್‌ನಲ್ಲಿ ಸೊಲಾನಾ ಬ್ಲಾಕ್‌ಚೈನ್‌ನ ವೆಬ್3.ಜೆಎಸ್ ಪ್ಯಾಕೇಜಿನ 1.95.6 ಮತ್ತು 1.95.7 ಆವೃತ್ತಿಗಳಲ್ಲಿ ಖಾಸಗಿ ಕೀಲಿ ಕದಿಯುವ ಕೋಡ್ ನುಸುಳಿತ್ತು. ಪ್ರಕಟಣೆಯ ಅಧಿಕಾರವಿದ್ದ ಖಾತೆಯೊಂದು ಕಿಡಿಗೇಡಿಗಳ ವಶವಾದದ್ದೇ ಇದಕ್ಕೆ ಕಾರಣ. ಬ್ಲಾಕ್‌ಚೈನ್‌ನಲ್ಲಿ ಒಮ್ಮೆ ದೃಢಪಟ್ಟ ಪಾವತಿಯನ್ನು ರದ್ದುಪಡಿಸುವ ಬ್ಯಾಂಕ್ ಇಲ್ಲ. ಆದ್ದರಿಂದ ಪ್ಲಗಿನ್ ಪಾವತಿಯ ಕೋರಿಕೆಯನ್ನಷ್ಟೇ ಸಲ್ಲಿಸಬೇಕು. ಕೀಲಿಯನ್ನು ಕಾಯ್ದು ಸಹಿ ಹಾಕುವ ಹೊಣೆ ವಾಲೆಟ್‌ನದೇ ಆಗಿರಬೇಕು. ನಿಗದಿತ ಮಿತಿ ಮೀರಿದ ವೆಚ್ಚಕ್ಕೆ ಮಾಲೀಕರ ಒಪ್ಪಿಗೆ ಕಡ್ಡಾಯವಾಗಬೇಕು. ಪೇಟೆಗೆ ಹೊರಟವರ ಕೈಗೆ ಚೀಟಿಯನ್ನೂ ಹಣವನ್ನೂ ಕೊಡುತ್ತೇವೆಯೇ ಹೊರತು ತಿಜೋರಿಯ ಬೀಗದ ಕೈಯನ್ನಲ್ಲ.