ಪ್ರಶ್ನೆಯಿಲ್ಲದ ಪ್ರಯೋಗ ಅನರ್ಥದಂಡವಲ್ಲವೆ?

ಜೈನ ಮನೆತನದ ಮಗಳೊಬ್ಬಳು ಪದವಿ ತರಗತಿಯಲ್ಲಿ ಸೂಕ್ಷ್ಮಜೀವಿಶಾಸ್ತ್ರವನ್ನು ಆರಿಸಿಕೊಂಡಳೆಂದರೆ ಹಿರಿಯರ ಬಾಯಿಂದ ಮೊದಲು ಬರುವ ಮಾತು ಆಕ್ಷೇಪದ್ದು: ಜೀವಿಗಳನ್ನು ಕೊಲ್ಲುವ ಓದು ಶ್ರಾವಕರ ಮನೆಗೆ ಏಕೆ? ಅದೇ ಮಗಳು ಅಂತಿಮ ವರ್ಷದಲ್ಲಿ ಬೇವಿನ ರಸದಿಂದ ರೋಗಾಣುಗಳನ್ನು ಕೊಂದು ತೋರಿಸಿ ಬಹುಮಾನ ಗಳಿಸಿದರೆ, ಅದೇ ಹಿರಿಯರು ಬಸದಿಯ ವಾರ್ಷಿಕೋತ್ಸವದಲ್ಲಿ ಶಾಲು ಹೊದಿಸಿ ಸನ್ಮಾನಿಸುತ್ತಾರೆ. ಆ ಆಕ್ಷೇಪಕ್ಕೂ ಈ ಸನ್ಮಾನಕ್ಕೂ ನಡುವೆ ಕೇಳಲೇಬೇಕಾಗಿದ್ದ ಒಂದು ಮಾತನ್ನು ಯಾರೂ ಕೇಳಿರುವುದಿಲ್ಲ. ಆ ಪ್ರಯೋಗ ಏನನ್ನು ತಿಳಿಯುವುದಕ್ಕಾಗಿ ನಡೆಯಿತು?

ಜೈನ ಆಚಾರಶಾಸ್ತ್ರದ ದೃಷ್ಟಿಯಲ್ಲಿ ಇದೇ ಮೂಲಪ್ರಶ್ನೆ. ಪ್ರಾಣಹಾನಿಯಾಯಿತೆಂಬ ಮಾತ್ರಕ್ಕೆ ತತ್ತ್ವಾರ್ಥಸೂತ್ರವು ಅದನ್ನು ಹಿಂಸೆಯೆಂದು ನಿರ್ಣಯಿಸುವುದಿಲ್ಲ. ಪ್ರಮಾದದಿಂದ, ಅಂದರೆ ಎಚ್ಚರಗೇಡಿತನದಿಂದ ಆದ ಹಾನಿಯನ್ನೇ ಹಿಂಸೆಯೆನ್ನುತ್ತದೆ. ಅಡುಗೆ, ಬೇಸಾಯ, ವೈದ್ಯ ಮೊದಲಾದವುಗಳಲ್ಲಿ ಆಗುವ ಆರಂಭಿ, ಉದ್ಯೋಗಿ ಹಿಂಸೆಗಳನ್ನು ಗೃಹಸ್ಥನು ಪೂರ್ಣವಾಗಿ ತೊರೆಯಲಾರನೆಂಬುದನ್ನು ಆಚಾರ್ಯರು ಬಲ್ಲರು. ಆದರೆ ಪ್ರಯೋಜನವಿಲ್ಲದೆ ಜೀವಹಾನಿ ಮಾಡುವ ಅನರ್ಥದಂಡವನ್ನು ಬಿಡಬೇಕೆಂಬುದು ಶ್ರಾವಕನಿಗೆ ವಿಧಿಸಿದ ಗುಣವ್ರತವೇ ಆಗಿದೆ. ಆದ್ದರಿಂದ ಪ್ರಯೋಗಾಲಯದ ಬಾಗಿಲಲ್ಲಿ ಕೇಳಬೇಕಾದುದು ಎರಡೇ: ಪ್ರಯೋಜನವಿದೆಯೆ? ಎಚ್ಚರವಿದೆಯೆ?

ಈ ಎರಡು ಪ್ರಶ್ನೆಗಳನ್ನು ಹಿಡಿದು ಪರೀಕ್ಷಿಸಿದರೆ ಕಾಲೇಜುಗಳಲ್ಲಿ ವರ್ಷವರ್ಷವೂ ನಡೆಯುವ ಬಹುಪಾಲು 'ನೈಸರ್ಗಿಕ ರೋಗಾಣುನಾಶಕ' ಯೋಜನೆಗಳು ನಿಲ್ಲುವುದಿಲ್ಲ. ಬೇವು, ತುಳಸಿ, ಅರಿಶಿನ, ಮನೆಯಲ್ಲಿ ಮುಟ್ಟದ ಬೆಳ್ಳುಳ್ಳಿ ಇವುಗಳಲ್ಲೊಂದನ್ನು ಅರೆದು ಆಲ್ಕೋಹಾಲಿನಲ್ಲಿ ನೆನೆಸುತ್ತಾರೆ. ಮಿಲಿಲೀಟರಿಗೆ ಸುಮಾರು 15 ಕೋಟಿ ಬ್ಯಾಕ್ಟೀರಿಯಗಳಿರುವಂತೆ ಹದಗೊಳಿಸಿದ ದ್ರವವನ್ನು ಪೆಟ್ರಿ ತಟ್ಟೆಯ ಮೇಲೆ ಸವರುತ್ತಾರೆ. ನಡುವೆ ಕುಳಿ ಕೊರೆದು ರಸವನ್ನು ತುಂಬಿ, ಮರುದಿನ ಅದರ ಸುತ್ತ ಬ್ಯಾಕ್ಟೀರಿಯ ಬೆಳೆಯದೆ ಉಳಿದ ವಲಯವನ್ನು ಮಿಲಿಮೀಟರುಗಳಲ್ಲಿ ಅಳೆಯುತ್ತಾರೆ. 'ಬೇವು ರೋಗಾಣುಗಳನ್ನು ನಾಶಪಡಿಸುತ್ತದೆ' ಎಂಬಲ್ಲಿಗೆ ವರದಿ ಮುಗಿಯುತ್ತದೆ.

ಇದು ಹೊಸ ತಿಳಿವಲ್ಲ. ಇನ್ನೂ ಕೆಟ್ಟದ್ದೆಂದರೆ, ಇದು ಎಷ್ಟೋ ಸಲ ತಿಳಿವೇ ಅಲ್ಲ. ಆಲ್ಕೋಹಾಲು ತಾನೇ ಬ್ಯಾಕ್ಟೀರಿಯಗಳನ್ನು ಕೊಲ್ಲಬಲ್ಲದು. ಬರಿಯ ಆಲ್ಕೋಹಾಲು ತುಂಬಿದ ಇನ್ನೊಂದು ಕುಳಿಯನ್ನು ಪಕ್ಕದಲ್ಲಿಟ್ಟು ಹೋಲಿಸದಿದ್ದರೆ ಕೊಂದುದು ಬೇವೋ ಆಲ್ಕೋಹಾಲೋ ಎಂದು ಹೇಳಲಾಗದು. ವಲಯದ ಅಗಲವು ವಸ್ತುವಿನ ಬಲವನ್ನಷ್ಟೇ ಅಲ್ಲ, ಅದು ಅಗಾರಿನಲ್ಲಿ ಎಷ್ಟು ಸುಲಭವಾಗಿ ಹರಡುತ್ತದೆಂಬುದನ್ನೂ ಅವಲಂಬಿಸಿದೆ. ನೀರಿನಲ್ಲಿ ಕರಗಲೊಲ್ಲದ ಅರಿಶಿನದ ಕರ್ಕ್ಯುಮಿನ್ ಸಣ್ಣ ವಲಯವನ್ನು ತೋರಿಸಿತೆಂದು ಅದನ್ನು ದುರ್ಬಲವೆನ್ನುವಂತಿಲ್ಲ. ತಟ್ಟೆಯಲ್ಲಿ ಗೆದ್ದ ರಸ ದೇಹದಲ್ಲಿಯೂ ಗೆಲ್ಲುತ್ತದೆಂಬುದಕ್ಕೆ ಆಧಾರವಿಲ್ಲ. ಏನನ್ನೂ ತಿಳಿಸದ ಈ ಸಂಹಾರಕ್ಕೆ ಅನರ್ಥದಂಡವೆಂಬ ಹೆಸರಲ್ಲದೆ ಬೇರೆ ಯಾವುದು ಒಪ್ಪೀತು?

ಏಕೇಂದ್ರಿಯ ಜೀವಿಗಳ ಸಾವಿಗೆ ಮರುಗುವ ಕುಟುಂಬಗಳು ತಟ್ಟೆಯೊಳಗಿನ ಆಹಾರ ಯಾವುದೆಂದು ವಿಚಾರಿಸಿದ್ದುಂಟೆ? ಅಗಾರು ಕಡಲ ಪಾಚಿಯಿಂದ ಬಂದುದು, ನಿಜ. ಆದರೆ ಇಂತಹ ಪರೀಕ್ಷೆಗಳಿಗೆ ಮಾನಕವೆನಿಸಿದ ಮ್ಯೂಲರ್-ಹಿಂಟನ್ ಅಗಾರಿನ ಮೂಲಸೂತ್ರದಲ್ಲಿ ಲೀಟರಿಗೆ 300 ಗ್ರಾಂ ದನದ ಮಾಂಸದಿಂದ ತೆಗೆದ ಸಾರವಿದೆ. ರಕ್ತದ ಅಗಾರಿಗೆ ಕುರಿಯ ರಕ್ತ ಬೇಕು. ಏಕೇಂದ್ರಿಯದ ಲೆಕ್ಕ ಹಿಡಿದವರು ಪಂಚೇಂದ್ರಿಯವನ್ನು ಕಾಣದೆ ಹೋದರು! ಸೋಯಾ ಮುಂತಾದ ಸಸ್ಯಮೂಲಗಳಿಂದ ತಯಾರಾದ ಪೋಷಕ ಮಾಧ್ಯಮಗಳು ಭಾರತದಲ್ಲಿಯೇ ದೊರೆಯುತ್ತವೆ. ಜೈನ ಸಂಸ್ಥೆಗಳು ನಡೆಸುವ ಕಾಲೇಜುಗಳಾದರೂ ಅವುಗಳನ್ನು ಕೇಳಿ ತರಿಸಬೇಡವೆ?

ಎಚ್ಚರದ ಎರಡನೆಯ ಪರೀಕ್ಷೆ ವಿಸರ್ಜನೆಯಲ್ಲಿದೆ. ನೀರು ಸೋಸಿದ ಬಟ್ಟೆಯಲ್ಲಿ ಉಳಿದ ಜೀವಿಗಳನ್ನು ಅದೇ ಬಾವಿಗೆ ಮರಳಿ ಬಿಡುವ ಶ್ರಾವಕನಿಗೆ ವಿಸರ್ಜನೆಯೂ ಧರ್ಮವೆಂದು ಬೇರೆ ಹೇಳಬೇಕಾಗಿಲ್ಲ. ಚರಂಡಿಯಿಂದಲೋ ಮಣ್ಣಿನಿಂದಲೋ ಎತ್ತಿ ಬೆಳೆಸಿದ ಬ್ಯಾಕ್ಟೀರಿಯಗಳಲ್ಲಿ ಔಷಧಕ್ಕೆ ಬಗ್ಗದವೂ ಇರುತ್ತವೆ. ಅಂತಹ ತಟ್ಟೆಗಳನ್ನು ಆಟೊಕ್ಲೇವಿನಲ್ಲಿ 121 ಡಿಗ್ರಿ ಸೆಲ್ಸಿಯಸ್ ಹಬೆಯಲ್ಲಿಡದೆ ತೊಟ್ಟಿಗೆ ಎಸೆಯುವುದು ಊರಿಗೆ ರೋಗವನ್ನು ಹಂಚಿದಂತೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಸೂಕ್ಷ್ಮಜೀವಿಗಳ ತ್ಯಾಜ್ಯವನ್ನು ಹುಟ್ಟಿದ ಸ್ಥಳದಲ್ಲಿಯೇ ಮೊದಲು ಸಂಸ್ಕರಿಸಬೇಕೆನ್ನುತ್ತವೆ. ಕಾನೂನು ಈಗ ಕೇಳುತ್ತಿರುವ ಎಚ್ಚರವನ್ನು ಧರ್ಮವು ಎಂದೋ ಕೇಳಿದೆ.

ಹಾಗಾದರೆ ಈ ಓದನ್ನೇ ಬಿಡಿಸಬೇಕೆ? ಅದು ಇನ್ನೂ ದೊಡ್ಡ ಪ್ರಮಾದ. ಔಷಧಗಳಿಗೆ ಬಗ್ಗದ ಬ್ಯಾಕ್ಟೀರಿಯಗಳೇ ನೇರ ಕಾರಣವಾಗಿ 2019ರಲ್ಲಿ ಜಗತ್ತಿನಾದ್ಯಂತ ಸುಮಾರು 12.7 ಲಕ್ಷ ಜನ ಸತ್ತರೆಂದು 2022ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ವೈದ್ಯರು ಬರೆದುಕೊಟ್ಟ ಮಾತ್ರೆಗಳನ್ನು ಅರ್ಧಕ್ಕೆ ನಿಲ್ಲಿಸಿ, ಉಳಿದುದನ್ನು ನೆರೆಮನೆಯ ಜ್ವರಕ್ಕೆ ಕೊಡುವ ಗೃಹಸ್ಥರು, ಮಗಳ ಪ್ರಯೋಗಾಲಯವನ್ನು ಹಿಂಸೆಯ ಮನೆಯೆನ್ನುವುದು ಯಾವ ನ್ಯಾಯ? ಜೀವರಕ್ಷಣೆಯ ಔಷಧಗಳು ಸಹ ಮಣ್ಣಿನ ಸೂಕ್ಷ್ಮಜೀವಿಗಳಿಂದಲೇ ದೊರೆತಿವೆ. ಕ್ಷಯರೋಗಕ್ಕೆ ಮದ್ದಾದ ಸ್ಟ್ರೆಪ್ಟೊಮೈಸಿನ್ 1943ರಲ್ಲಿ ಹಾಗೆಯೇ ದೊರೆಯಿತು. ಪಿಂಪ್ರಿಯ ಹಿಂದೂಸ್ತಾನ್ ಆಂಟಿಬಯೋಟಿಕ್ಸ್ ಸಂಸ್ಥೆಯಲ್ಲಿ ಎಂ. ಜೆ. ತಿರುಮಲಾಚಾರ್ ಮತ್ತು ಸಂಗಡಿಗರು ಬೂಷ್ಟುರೋಗಗಳಿಗೆ ಮದ್ದಾದ ಹ್ಯಾಮೈಸಿನ್ ಅನ್ನು ಪಡೆದುದೂ ಇಂತಹ ಸೂಕ್ಷ್ಮಜೀವಿಯಿಂದಲೇ.

ವಿದ್ಯಾರ್ಥಿಗೆ ಕೈಪಳಗುವುದೇ ಪ್ರಯೋಜನವಲ್ಲವೆ ಎಂದು ಅಧ್ಯಾಪಕರು ವಾದಿಸುವುದುಂಟು. ಕೈಪಳಗಬೇಕಾದುದು ಸರಿ. ಆದರೆ ಅದೇ ಕೈ ಒಂದು ಪ್ರಶ್ನೆಯ ಬೆನ್ನುಹತ್ತಿಯೂ ಪಳಗಬಹುದಲ್ಲ! ರೀಟಾ ಕಾಲ್ವೆಲ್ ಮತ್ತು ಸಂಗಡಿಗರು ಬಾಂಗ್ಲಾದೇಶದ ಮಟ್ಲಬ್ ಪ್ರದೇಶದ ಹಳ್ಳಿಗಳಲ್ಲಿ ಒಂದು ಸರಳ ಪ್ರಶ್ನೆ ಕೇಳಿದರು: ಹಳೆಯ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಕೊಳದ ನೀರನ್ನು ಸೋಸಿದರೆ ಕಾಲರಾ ಕಡಿಮೆಯಾಗುವುದೆ? ಕಾಲರಾ ಬ್ಯಾಕ್ಟೀರಿಯಗಳು ನೀರಿನ ಸಣ್ಣ ಜಂತುಗಳಿಗೆ ಅಂಟಿಕೊಂಡಿರುತ್ತವೆ. ಜಂತು ಬಟ್ಟೆಯಲ್ಲಿ ನಿಂತರೆ ಅದೂ ನಿಲ್ಲುತ್ತದೆ. 2003ರಲ್ಲಿ ಪ್ರಕಟವಾದ ಫಲಿತಾಂಶದಂತೆ ಕಾಲರಾ ಶೇಕಡ 48ರಷ್ಟು ಇಳಿಯಿತು. ನೀರು ಸೋಸುವುದನ್ನು ನಿತ್ಯವ್ರತವಾಗಿ ಪಾಲಿಸುವ ಸಮಾಜದ ಮಕ್ಕಳಿಗೆ ಈ ಪ್ರಶ್ನೆ ಹೊಳೆಯಬಾರದಿತ್ತೆ?

ಇಲ್ಲಿ ಇನ್ನೊಂದು ಎಚ್ಚರವೂ ಬೇಕು. ನಿಗೋದ ಜೀವಿಗಳೆಂದರೆ ಬ್ಯಾಕ್ಟೀರಿಯಗಳೇ, ಪೂರ್ವಾಚಾರ್ಯರು ಸೂಕ್ಷ್ಮದರ್ಶಕವಿಲ್ಲದೆ ಎಲ್ಲವನ್ನೂ ಕಂಡಿದ್ದರೆಂದು ವೇದಿಕೆಗಳಲ್ಲಿ ಹೇಳುವುದು ರೂಢಿಯಾಗಿದೆ. ನಿಗೋದದಲ್ಲಿ ಅನಂತ ಜೀವಗಳಿಗೆ ಒಂದೇ ಶರೀರ. ಬ್ಯಾಕ್ಟೀರಿಯವಾದರೋ ತನ್ನದೇ ಕೋಶವುಳ್ಳ ಒಂದೊಂದು ಜೀವಿ. ಎರಡನ್ನೂ ಒಂದೆನ್ನುವುದರಿಂದ ಆಗಮಕ್ಕೂ ಮಾನವಿಲ್ಲ, ವಿಜ್ಞಾನಕ್ಕೂ ಮಾನವಿಲ್ಲ. ಸೋಸುವ ಬಟ್ಟೆ ಜಂತುಗಳನ್ನು ತಡೆಯುತ್ತದೆ. ನೀರಿನಲ್ಲಿ ಬಿಡಿಯಾಗಿ ತೇಲುವ ಬ್ಯಾಕ್ಟೀರಿಯವನ್ನು ತಡೆಯುವುದಿಲ್ಲ. ಸತ್ಯವ್ರತಿಯಾದವನು ಎರಡನ್ನೂ ಹೇಳಬೇಕು.

ಕೇಳಬೇಕಾದ ಪ್ರಶ್ನೆಗಳು ಬಸದಿಯ ಅಂಗಳದಲ್ಲಿಯೇ ಇವೆ. ಸೋಸಿದ ನೀರಿಗೆ ಸಂಪ್ರದಾಯವು ಒಂದು ಮುಹೂರ್ತದ, ಅಂದರೆ 48 ನಿಮಿಷಗಳ ಅವಧಿಯನ್ನೂ ಕುದಿಸಿದ ನೀರಿಗೆ 24 ಗಂಟೆಗಳ ಅವಧಿಯನ್ನೂ ಹಾಕಿದೆ. ಆ ಅವಧಿಗಳಲ್ಲಿ ನೀರಿನಲ್ಲಿ ಏನಾಗುತ್ತದೆ? ಮಳೆಗಾಲದಲ್ಲಿ ಕಲ್ಯಾಣಿಗೆ ಕೊಳಚೆ ಸೇರುತ್ತಿದೆಯೆ? ಇವನ್ನು ಪರೀಕ್ಷಿಸಲು ವಿದ್ಯಾರ್ಥಿ ಬಂದರೆ ಟ್ರಸ್ಟುಗಳು ಅಪಖ್ಯಾತಿಯ ಭಯದಿಂದ ಬಾಗಿಲು ಮುಚ್ಚಬಾರದು. ಕೆಟ್ಟ ನೀರನ್ನು ಭಕ್ತರಿಗೆ ಕೊಟ್ಟರೆ ಬರುವ ಪಾಪವು ಕೆಟ್ಟ ವರದಿಯಿಂದ ಬರುವ ಅಪಖ್ಯಾತಿಗಿಂತ ಹಿರಿದು.

ಇನ್ನು ಮುಂದೆ ವಿದ್ಯಾರ್ಥಿವೇತನ ಕೊಡುವ ಮೊದಲು, ಶಾಲು ಹೊದಿಸುವ ಮೊದಲು, ಟ್ರಸ್ಟಿನ ಪದಾಧಿಕಾರಿಗಳು ನಾಲ್ಕು ಮಾತು ಕೇಳಲಿ: ಪ್ರಶ್ನೆ ಯಾವುದು? ಹೋಲಿಕೆಗೆ ಏನಿಟ್ಟಿದೆ? ಮಾಧ್ಯಮ ಯಾವ ಮೂಲದ್ದು? ಮುಗಿದ ಮೇಲೆ ತಟ್ಟೆಗಳು ಎಲ್ಲಿಗೆ ಹೋಗುತ್ತವೆ? ನಾಲ್ಕಕ್ಕೂ ಉತ್ತರವಿರುವ ವಿದ್ಯಾರ್ಥಿಗೆ ಹಣದ ಕೊರತೆಯಾಗದಿರಲಿ. ಸಾಧ್ಯವಾದರೆ ಒಂದು ಉತ್ಸವದ ಅಲಂಕಾರದ ವೆಚ್ಚದಲ್ಲಿ ಬಡ ಕಾಲೇಜೊಂದಕ್ಕೆ ಆಟೊಕ್ಲೇವು ಕೊಡಿಸಲಿ. ಉತ್ತರವಿಲ್ಲದ ಪ್ರಯೋಗಕ್ಕೆ, ಅದು ಬೇವಿನದಾಗಲಿ ತುಳಸಿಯದಾಗಲಿ, ಸಮಾಜದ ಶಾಲು ಸಲ್ಲದು.