ಕೊನೆಯ ದಿನಾಂಕವೊಂದನ್ನೇ ಕೊಟ್ಟರೆ ಸಾಕೆ?

ಪದವಿ ಓದುತ್ತಿರುವ ನೆರೆಮನೆಯ ಹುಡುಗಿಯೊಬ್ಬಳು ಕಳೆದ ವಾರ ತನ್ನ ಪ್ರಾಜೆಕ್ಟ್ ವರದಿಯನ್ನು ತಂದು, “ಸರ್, ತಪ್ಪು ಇದ್ರ ತಿದ್ದಿಕೊಡ್ರಿ” ಎಂದಳು. ವಿಷಯ, ತುಂಗಭದ್ರಾ ಎಡದಂಡೆ ಕಾಲುವೆ ಮತ್ತು ಭತ್ತದ ಬೇಸಾಯ. ಪುಟಗಳು ನಲವತ್ತು. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೆಯ ಗೇಟು ಕೊಚ್ಚಿಹೋದ ಸಂಗತಿಯೇ ಅದರಲ್ಲಿಲ್ಲ! ಅವಳ ತಂದೆ ಅದೇ ಕಾಲುವೆಯ ನೀರನ್ನು ನಂಬಿ ಭತ್ತ ಬೆಳೆಯುವವರು. ಕೇಳಿದರೆ ತಲೆತಗ್ಗಿಸಿ, “ಝೆರಾಕ್ಸ್ ಅಂಗಡ್ಯಾಗ ಸಿಕ್ತು ಸರ್. ಎರಡೇ ದಿನ ಉಳಿದಿತ್ತು” ಎಂದಳು.

ಇಂಥದ್ದನ್ನು ಕಂಡಾಗ ನನ್ನ ವಯಸ್ಸಿನವರು ಕೂಡಲೇ ಮೊಬೈಲನ್ನು ಶಪಿಸುತ್ತಾರೆ. ನಾನು ಒಪ್ಪಲಾರೆ. ನಾಲ್ಕು ತಿಂಗಳ ಹಿಂದೆ ವಿಷಯ ಕೊಟ್ಟವರು ನಡುವೆ ಒಮ್ಮೆಯೂ ಅವಳನ್ನು ವಿಚಾರಿಸಲಿಲ್ಲ. ಕಲಿಸದೆ ಪರೀಕ್ಷಿಸುವುದು ಯಾವ ಶಿಕ್ಷಣಶಾಸ್ತ್ರ?

ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಗ್ರಂಥಾಲಯದವರು ‘ಅಸೈನ್‌ಮೆಂಟ್ ಕ್ಯಾಲ್ಕುಲೇಟರ್’ ಎಂಬ ಸಾಧನವನ್ನು ರೂಪಿಸಿದರು. ಆರಂಭದ ಮತ್ತು ಸಲ್ಲಿಕೆಯ ದಿನಾಂಕಗಳನ್ನು ತುಂಬಿದರೆ ಅದು ಕೆಲಸವನ್ನು ಹಂತಹಂತವಾಗಿ ವಿಂಗಡಿಸಿ, ಪ್ರತಿಯೊಂದಕ್ಕೂ ಗಡುವು ಹೇಳುತ್ತದೆ. ಓದಿದ್ದರ ಆಕರಗಳನ್ನು ಜೋಡಿಸಿಡಲು 2006ರಲ್ಲಿ ಬಂದ ಝೊಟೆರೊ ಉಚಿತವಾಗಿದೆ. ನಮ್ಮ ದೇಶದ ಪ್ರಬಂಧಗಳನ್ನು ಓದಲು ಶೋಧಗಂಗಾ ಇದೆ. ಗಂಗಾವತಿಯ ಹುಡುಗಿಗೆ ಇವುಗಳ ಹೆಸರನ್ನಾದರೂ ಯಾರು ಹೇಳಿದರು?

“ಯಂತ್ರವೇ ಯೋಜನೆ ಹಾಕಿದರೆ ಮಕ್ಕಳ ಬುದ್ಧಿಗೇನು ಕೆಲಸ?” ಎನ್ನುವವರಿದ್ದಾರೆ. ಸಸಿಮಡಿ ಯಾವಾಗ, ನಾಟಿ ಯಾವಾಗ ಎಂದು ಲೆಕ್ಕ ಹಾಕುವ ರೈತನನ್ನು ಸೋಮಾರಿಯೆನ್ನುತ್ತೇವೆಯೇ? ಇಡೀ ವರದಿಯನ್ನೇ ಬರೆದುಕೊಡುವ ಕೃತಕ ಬುದ್ಧಿಮತ್ತೆಯನ್ನು ನಾನೂ ವಿರೋಧಿಸುತ್ತೇನೆ. ಆದರೆ ದಾರಿ ತೋರಿಸುವುದು ಬೇರೆ, ಹೊತ್ತುಕೊಂಡು ಹೋಗುವುದು ಬೇರೆ. ದಾರಿ ಕಾಣದವನೇ ಹೊರುವವನನ್ನು ಹುಡುಕುತ್ತಾನೆ.

ತಪ್ಪು ನನ್ನದೂ ಇದೆ. ಬಿ.ಎಡ್. ಓದುವಾಗ ಪಾಠಯೋಜನೆಯನ್ನು ಗಂಟೆಗಟ್ಟಲೆ ಬರೆದವನು ನಾನು. ನನ್ನ ವಿದ್ಯಾರ್ಥಿಗಳಿಗೆ ಮಾತ್ರ ಕಲಿಕೆಯ ಯೋಜನೆ ಹಾಕಲು ಕಲಿಸಲೇ ಇಲ್ಲ. ರಟ್ಟಿನ ಅಂದ ನೋಡಿ ಅಂಕ ಕೊಟ್ಟದ್ದೂ ಉಂಟು.

ಕನ್ನಡ ಮಾಧ್ಯಮದ ಮಕ್ಕಳಿಗೆ ಕನ್ನಡದಲ್ಲೇ ಇಂಥ ಸಾಧನವನ್ನು ನಮ್ಮ ವಿಶ್ವವಿದ್ಯಾಲಯಗಳು ಮಾಡಿಕೊಡಲಿ. ಅಲ್ಲಿಯವರೆಗೆ ಕಾಲೇಜಿನ ಗೋಡೆಯ ಮೇಲೆ ಒಂದು ಹಾಳೆ ಸಾಕು: ಪ್ರಶ್ನೆ, ಓದು, ಕ್ಷೇತ್ರಕಾರ್ಯ, ಕರಡು, ತಿದ್ದುಪಡಿ, ಐದಕ್ಕೂ ಐದು ದಿನಾಂಕ. ಪ್ರತಿ ದಿನಾಂಕದಂದು ಕೇಳುವ ಅಧ್ಯಾಪಕರೊಬ್ಬರು ಬೇಕು.

ಹುಡುಗಿಗೆ ಒಂದು ಮಾತು ಹೇಳಿದೆ: “ಮೊದಲು ಅಪ್ಪನ ಹತ್ತಿರ ಕೂತು, ಗೇಟು ಹೋದ ರಾತ್ರಿ ಏನಾಯಿತೆಂದು ಕೇಳಿ ಬರೆದುಕೊಂಡು ಬಾರಮ್ಮ.” ಮರುದಿನ ಆರು ಪುಟ ತಂದಳು. ಆ ನಲವತ್ತಕ್ಕಿಂತ ಈ ಆರು ಪುಟಗಳ ತೂಕ ಹೆಚ್ಚು.